ಮೊದಲ ಇಂಜಿನ್ ನೀವೇ ಇಡಬೇಕು

"ಇದು ಯಾವ ಹಲಗೆಗೆ?" ಅಂಗಡಿಯಾಕೆ ಕೇಳಿದಳು.

"ಹೊಸದಕ್ಕೆ. ಹಳೇದನ್ನ ಬಿಚ್ಚಿಹಾಕೋಣ ಅಂತಿದೀನಿ," ಅಂದ ಅವನು.

ಬಾಗಿಲೊಳಗೆ ಒಂದು ಕಾಲಿಟ್ಟಿದ್ದ ಅವನ ಗೆಳತಿ, ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಲ್ಲೇ ನಿಂತುಬಿಟ್ಟಳು.

ಅವನ ಅಂಗೈ ಮೇಲೆ ಮಾದರಿ ರೈಲಿನ ಹಸಿರು ಇಂಜಿನ್ ಇತ್ತು. ಗಾಲಿಗಳನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಇದು ನಮ್ಮದಲ್ಲ.

ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಪ್ಲೈವುಡ್ ಹಲಗೆಯ ಮೇಲೆ, ಅವನೂ ಅವಳೂ ಎಂಟು ತಿಂಗಳಿಂದ ಕಟ್ಟುತ್ತಿದ್ದ ಪುಟ್ಟ ಊರಿನಲ್ಲಿ ಹಳಿಗಳ ನಡುವಿನ ಅಂತರ ಒಂಬತ್ತು ಮಿಲಿಮೀಟರ್. ಈ ಇಂಜಿನ್‌ಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು.

ಹಾಗಾದರೆ ಇದು ಯಾರ ಮನೆಗೆ...?

ಅವನು ತಿರುಗಿದ. ಅವಳನ್ನು ಕಂಡು ಇಂಜಿನ್ ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿದ. ತನ್ನ ಅಂಗಡಿಯಲ್ಲಿ ದಿನವಿಡೀ ಕನ್ನಡಕಗಳ ಸಾಸಿವೆಯಂಥ ಸ್ಕ್ರೂ ತಿರುಗಿಸುವ ಆ ಕೈಗೆ ಬಚ್ಚಿಡುವ ಕೆಲಸ ಮಾತ್ರ ಬರುತ್ತಿರಲಿಲ್ಲ.

"ಲ್ಯಾಬ್ ಮೇಡಂ... ನೀವು ಇಲ್ಲಿ?"

"ಅಂಟು ಬೇಕಿತ್ತು. ಇನ್ನೊಂದು ದಿನ ತಗೋತೀನಿ."

"ಭಾನುವಾರ ಬರ್ತೀನಿ. ಒಂದು ವಿಷಯ ಹೇಳಬೇಕು."

"ಆಗಲೇ ಕೇಳಿಸ್ಕೊಂಡೆ," ಎಂದು ಅವಳು ಮೆಟ್ಟಿಲಿಳಿದಳು.

ದಾರಿಯುದ್ದಕ್ಕೂ ಅವಳ ಬಲಗೈ ಬ್ಯಾಗಿನೊಳಗೇ ಇತ್ತು.

ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. "ಹಳಿ ನಾನು ಹಾಸ್ತೀನಿ. ಮೊದಲ ಇಂಜಿನ್ ನೀವು ಆರಿಸಿ, ನಿಮ್ಮ ಕೈಯಾರೆ ನೀವೇ ಇಡಬೇಕು," ಎಂದಿದ್ದ ಅವನು. ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಇಂಜಿನ್ ಓಡಿದ ದಿನ ಹೇಳಿಯಾನು ಎಂದು ಅವಳು ಕಾದಿದ್ದಳು.

ಎರಡು ತಿಂಗಳ ಹಿಂದೆ ಲ್ಯಾಬಿನಲ್ಲಿ ಗಾಜಿನ ನಳಿಕೆ ಒಡೆದು ಅವಳ ಬಲಗೈ ಸೀಳಿತು. ಹೊಲಿಗೆ ಒಣಗಿದರೂ ಹೆಬ್ಬೆರಳು, ತೋರುಬೆರಳಿಗೆ ಸ್ಪರ್ಶ ಮರಳಲಿಲ್ಲ. ನರ ಕತ್ತರಿಸಿದೆ, ಮರಳುವ ಭರವಸೆ ಕಡಿಮೆ ಎಂದರು ಡಾಕ್ಟರು.

ಅವನಿಗೆ ಮಾತ್ರ "ಗಾಯ ವಾಸಿಯಾಯ್ತು" ಎಂದಿದ್ದಳು. ಅವನ ಕಣ್ಣಲ್ಲಿ ಅಯ್ಯೋ ಪಾಪ ಎಂಬುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಬೆಂಕಿಪೆಟ್ಟಿಗೆಗಿಂತ ಸಣ್ಣ ರೈಲು ಡಬ್ಬಿಗಳನ್ನು ಹಳಿಗೆ ಕೂರಿಸುವಾಗ "ನೀವೇ ಇಡಿ" ಎನ್ನುತ್ತಿದ್ದಳು. ಅವನು ಇಂಜಿನ್ ತೋರಿಸಿದಾಗಲೆಲ್ಲ ಒಂದೊಂದು ನೆಪ. ಒಂದರ ಬಣ್ಣ ಸರಿಯಿಲ್ಲ, ಇನ್ನೊಂದು ಗೊರಕೆ ಹೊಡೆಯುತ್ತೆ, ಮತ್ತೊಂದಕ್ಕೆ ಮೂತಿಯೇ ಇಲ್ಲ.

ನಾನೇ ಅವನನ್ನು ಓಡಿಸಿಬಿಟ್ಟೆನಾ...?

ಭಾನುವಾರ ಮಧ್ಯಾಹ್ನ ಅವನು ಬಂದ. ಒಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್.

"ಬಾಪ್ಪಾ," ಅಂದರು ಅಮ್ಮ. "ಇವಳು ಮೂರು ದಿನದಿಂದ ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡ್ಕೊಂಡಿದಾಳೆ. ನಿನ್ನ ಅಂಗಡೀಲಿ ಅದಕ್ಕೇನಾದ್ರೂ ಕನ್ನಡಕ ಇದೆಯಾ?"

"ಅಮ್ಮಾ, ಸುಮ್ನಿರು."

ಕೋಣೆಯೊಳಗೆ ಹೋದವನೇ ಹಲಗೆಯ ಮುಂದೆ ಮಂಡಿಯೂರಿದ. "ಹಳಿ ಬಿಚ್ಚೋಣ," ಅಂದ.

ಅವಳು ಹಲಗೆಗೆ ಅಡ್ಡ ನಿಂತಳು.

"ಬಿಚ್ಚಬೇಡಿ. ಬೇರೆ ಮನೇಲಿ ಹೊಸದು ಕಟ್ಕೊಳ್ಳಿ, ನಾನೇನೂ ಕೇಳಲ್ಲ. ಇದನ್ನ ಹೀಗೇ ಬಿಟ್ಟು ಹೋಗಿ."

"ಬೇರೆ ಮನೆ?" ಅವನು ತಬ್ಬಿಬ್ಬಾದ. "ಯಾವ ಮನೆ?"

"ಆ ಇಂಜಿನ್ ನಮ್ಮ ಹಳಿಗೆ ಕೂರಲ್ಲ. ನಾನು ಕುರುಡಿ ಅಲ್ಲ."

"ಕೂರಲ್ಲ. ಅದಕ್ಕೇ ಹಳಿ ಬದಲಾಯಿಸೋಣ ಅಂತ ಬಂದೆ." ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಮೇಡಂ... ನಿಮ್ಮ ಬೆರಳು."

ಅವಳ ಬಲಗೈ ತಾನಾಗಿ ದುಪಟ್ಟಾದೊಳಗೆ ಸೇರಿತು. "ಬೆರಳಿಗೇನಾಗಿದೆ?"

"ಹೋದ ತಿಂಗಳು ಒಂದು ಡಬ್ಬಿ ಎತ್ತಿದ್ರಿ. ಹಿಡಿದಿದೀರೋ ಇಲ್ವೋ ಅಂತ ಕಣ್ಣಿಂದ ನೋಡಿ ತಿಳ್ಕೊಂಡ್ರಿ. ಆಮೇಲೆ ಏನನ್ನೂ ಎತ್ತಲೇ ಇಲ್ಲ. ಕೈ ನೋಡೋದು ನನ್ನ ಕಸುಬು ಅಲ್ಲದಿರಬಹುದು, ಆದ್ರೆ ನಿಮ್ಮ ಕೈಯನ್ನ ಎಂಟು ತಿಂಗಳಿಂದ ನೋಡ್ತಿದೀನಿ."

ಅಡುಗೆಮನೆಯ ನಲ್ಲಿಯ ಸದ್ದು ನಿಂತಿತು... ಅಮ್ಮ ಕಿವಿಗೊಟ್ಟಿದ್ದರು.

"ಅಂದ್ರೆ ಅಯ್ಯೋ ಪಾಪ ಅಂತ ಬಂದ್ರಾ?" "ಹಾಗಿದ್ರೆ ಈಗಲೇ ಹೊರಡಿ."

"ಪಾಪ ಅನ್ನಿಸಿದ್ರೆ ಪ್ರತಿ ಸಲ ನಾನೇ ಇಟ್ಟು, ನಿಮ್ಮನ್ನ ಪಕ್ಕದಲ್ಲಿ ಕೂರಿಸಿ ತೋರಿಸ್ತಿದ್ದೆ. ಅದು ಸುಲಭ." ಅವನು ಅವಳನ್ನೇ ನೋಡಿದ. "ನನಗೆ ನೀವು ಇಡೋದು ಬೇಕು. ದೊಡ್ಡ ಅಳತೆ ಆದ್ರೆ ಇಡ್ತೀರಿ."

"ಎಂಟು ತಿಂಗಳು ಹಾಸಿದ್ದೀರಿ. ತಿರುವೆಲ್ಲ ಅಗಲ ಆಗುತ್ತೆ, ಅರ್ಧ ಊರೇ ಹೋಗುತ್ತೆ."

"ಹೋಗಲಿ. ಒಂದೇ ಸ್ಟೇಷನ್ ಸಾಕು."

ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಆಮೇಲೆ, "ಪೆಟ್ಟಿಗೆ ತೆಗೀರಿ," ಎಂದಳು.

ಒಳಗೆ ಎರಡು ಇಂಜಿನ್‌ಗಳಿದ್ದವು. "ನಿನ್ನ ಮೇಡಂ ಯಾವುದನ್ನೂ ಒಪ್ಪಲ್ಲ, ಎರಡನ್ನೂ ತಗೊಂಡು ಹೋಗು" ಎಂದು ಅಂಗಡಿಯಾಕೆ ನಂಬಿ ಕೊಟ್ಟಿದ್ದಳಂತೆ. ಒಂದು ಅದೇ ಹಸಿರು, ಉದ್ದನೆಯದು. ಇನ್ನೊಂದು ಕಪ್ಪು, ಮೋಟು, ಯಾರ್ಡಿನಲ್ಲಿ ಡಬ್ಬಿಗಳನ್ನು ತಳ್ಳುವಂಥದ್ದು.

ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಹಸಿರಿಗೆ ಹತ್ತು ಗಾಲಿ, ಹತ್ತೂ ಹಳಿಗೆ ಕೂರಬೇಕು. ಪಕ್ಕದಲ್ಲಿ ಕೂದಲಿನಂಥ ಕೊಳವೆಗಳು, ಬಿಗಿ ಹಿಡಿದರೆ ಮುರಿದಾವು. ಕಪ್ಪಿಗೆ ನಾಲ್ಕೇ ಗಾಲಿ. ಎಲ್ಲಿ ಹಿಡಿದರೂ ತಡೆಯುವ ಮೈ.

"ಇದು ಎಷ್ಟು ನಿಧಾನ ಹೋಗುತ್ತೆ?"

"ಆಮೆ ನಾಚಬೇಕು."

"ಇದೇ ಇರಲಿ."

ಅವನು ನೆಲದ ಮೇಲೆ ದೊಡ್ಡ ಅಳತೆಯ ನಾಲ್ಕಡಿ ಹಳಿ ಜೋಡಿಸಿ ತಂತಿ ಸಿಕ್ಕಿಸಿದ. ಎದ್ದು ಹಿಂದೆ ಸರಿದು, ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿ ನಿಂತ.

ಮೊದಲ ಸಲ ಗಾಲಿ ಹಳಿಯ ಹೊರಗೆ ಕೂತಿತು.

ಎರಡನೇ ಸಲ ಇಂಜಿನ್ ಜಾರಿ ಮಗ್ಗುಲಾಯಿತು. ಅವನ ಕಾಲು ಅರ್ಧ ಹೆಜ್ಜೆ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಕೈ ಮಾತ್ರ ಕಂಕುಳು ಬಿಡಲಿಲ್ಲ.

ಮೂರನೇ ಸಲ ಅವಳು ಬೆರಳ ತುದಿಯ ಆಸೆ ಬಿಟ್ಟು ಇಡೀ ಅಂಗೈಯಲ್ಲಿ ಹಿಡಿದಳು. ನಾಲ್ಕು ಗಾಲಿಗಳೂ ಹಳಿಗೆ ಕೂತ ಸಣ್ಣ ಕಂಪನ ಮಣಿಕಟ್ಟಿಗೆ ತಿಳಿಯಿತು.

ಗುಂಡಿ ತಿರುಗಿಸಿದಳು. ಕಪ್ಪು ಮೋಟು ಇಂಜಿನ್ ಗೊಣಗುತ್ತಾ ಹೊರಟಿತು.

ಅದು ಹಳಿಯ ತುದಿ ಮುಟ್ಟಿದಾಗ ಗುಂಡಿ ಆರಿಸಿ ಅವಳು ಕೇಳಿದಳು. "ಬಿದ್ದಾಗ ಹಿಡೀಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು. ಇಷ್ಟಪಟ್ಟವರ ಮುಂದೆ ಕೈ ಕಟ್ಕೊಂಡು ನಿಲ್ಲೋದು ಎಷ್ಟು ಕಷ್ಟ ಅಂತ ಇವತ್ತೇ ಗೊತ್ತಾಗಿದ್ದು."

ಅವಳು ಬಲಗೈಯನ್ನು ಅವನೆದುರು ಚಾಚಿದಳು. "ಈಗ ಹಿಡೀಬಹುದು."

ಅವನು ಹಿಡಿದ. "ಗೊತ್ತಾಗ್ತಿದೆಯಾ?"

"ಎರಡು ಬೆರಳಿಗೆ ಇಲ್ಲ," ಅಂದಳು. "ಉಳಿದ ಮೂರಕ್ಕೆ ಗೊತ್ತಾಗ್ತಿದೆ... ಬಿಡಬೇಡಿ."