ಗಂಗಣ್ಣ ತಾತನ ಮುದ್ದೆ

“ಗಂಟು,” ಎಂದರು ಅಜ್ಜಿ.

ಬೆರಳನ್ನು ನೀರಿಗೆ ಅದ್ದಿ ಮುದ್ದೆ ಮುರಿದರು. ಒಳಗಿದ್ದ ಹಸಿಹಿಟ್ಟಿನ ಪುಟ್ಟ ಉಂಡೆಯನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು.

ಕೀರ್ತನಳ ಮುಖ ಸಣ್ಣದಾಯಿತು. ಅದು ಅವಳು ಒಬ್ಬಳೇ ಮಾಡಿದ ಮೊದಲ ಮುದ್ದೆ. ಕೋಲು ತಿರುವಿ ತಿರುವಿ ತೋಳು ಸೋತಿತ್ತು.

“ಒಂದೇ ಒಂದಲ್ವಾ ಅಜ್ಜಿ?”

“ಒಂದಾದ್ರೂ ಗಂಟು ಗಂಟೇ ಕಣೇ. ಎಸರು ಕುದಿಯೋಕ್ಮುಂಚೆ ಹಿಟ್ಟು ಸುರಿದಿದ್ದೀಯ. ನಾಳೆ ಇನ್ನೊಂದ್ಸಲ ಮಾಡು.”

“ಅಕ್ಕ, ಆ ಗಂಟು ನಂಗೆ ಕೊಡು, ಗೋಲಿ ಆಡ್ತೀನಿ,” ಎಂದ ತಮ್ಮ ಹರ್ಷಿತ.

ಅಜ್ಜಿ ಅಕ್ಕಯಮ್ಮನಿಗೆ ಅಡುಗೆ, ಊಟ ಎಂದರೆ ಪ್ರಾಣ. ಬೆಳಿಗ್ಗೆ ರೊಟ್ಟಿ ತಿನ್ನುವಾಗಲೇ ರಾತ್ರಿಯ ಸಾರಿನ ಮಾತು ತೆಗೆಯುತ್ತಿದ್ದರು. ಮದುವೆ ಮನೆಗೆ ಹೋಗಿ ಬಂದರೆ ಹುಡುಗಿಯ ಸೀರೆ ಯಾವ ಬಣ್ಣವೋ ನೆನಪಿರುತ್ತಿರಲಿಲ್ಲ, ಹುಳಿಗೆ ಉಪ್ಪು ಎಷ್ಟಿತ್ತು ಎಂಬುದು ಮಾತ್ರ ವರ್ಷವಾದರೂ ನೆನಪಿರುತ್ತಿತ್ತು. ಅಂಥವರ ಬಾಯಲ್ಲಿ ಒಂದು ‘ಚೆನ್ನಾಗೈತೆ’ ಕೇಳಬೇಕೆಂದು ಕೀರ್ತನಳಿಗೆ ಆಸೆ.

ಮಾರನೆಯ ದಿನ ಭಾನುವಾರ. ಅಜ್ಜಿ ಅವಳನ್ನು ಪಕ್ಕದ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಆ ಮನೆಯ ಸೊಣ್ಣಮ್ಮಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಅವರ ಗಂಡ ಗಂಗಣ್ಣ ತಾತ ಈಗ ಅಡುಗೆಗೆ ನಿಂತಿದ್ದರು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸಿದ ಕೈ ಅದು. ಮುದ್ದೆ ಕೋಲು ಹಿಡಿದದ್ದು ಇದೇ ಮೊದಲು.

“ಬನ್ನಿ ಅಕ್ಕಾ, ಕೂತ್ಕೊಳ್ಳಿ. ಬಿಸಿ ಬಿಸಿ ಐತೆ,” ಎಂದರು ತಾತ. ಅವರ ಮೀಸೆಗೂ ಹಿಟ್ಟು ಮೆತ್ತಿತ್ತು.

ಅಜ್ಜಿ ಮುದ್ದೆ ಮುರಿದರು. ಕೀರ್ತನ ಬಗ್ಗಿ ನೋಡಿದಳು. ಒಳಗೆ ನೆಲ್ಲಿಕಾಯಿಯಷ್ಟು ದಪ್ಪದ ಗಂಟು!

ಅಜ್ಜಿ ಅದನ್ನು ಹುರುಳಿಸಾರಿನಲ್ಲಿ ಅದ್ದಿ ಗುಳುಕ್ಕನೆ ನುಂಗಿದರು.

“ಚೆನ್ನಾಗೈತೆ ಗಂಗಣ್ಣ. ಇನ್ನರ್ಧ ಹಾಕು.”

ಕೀರ್ತನಳಿಗೆ ತಲೆಬುಡ ತಿಳಿಯಲಿಲ್ಲ. ಅಜ್ಜಿಗೆ ಕಣ್ಣು ಕಾಣಲಿಲ್ಲವೇ? ನಾಲಿಗೆಗೇನಾದರೂ ಆಗಿದೆಯೇ? ನನ್ನ ಪುಟ್ಟ ಗಂಟು ತಟ್ಟೆಯ ಅಂಚಿಗೆ, ತಾತನ ಇಷ್ಟು ದೊಡ್ಡದು ಹೊಟ್ಟೆಗೆ! ಅವಳಿಗೆ ಅಳುವೇ ಬಂದಂತಾಯಿತು.

ಎದುರಿಗೆ ಸೊಣ್ಣಮ್ಮಜ್ಜಿ ಎಡಗೈಯಲ್ಲಿ ಉಣ್ಣುತ್ತಿದ್ದರು. ನೋಡನೋಡುತ್ತಲೇ ಒಂದು ಗಂಟನ್ನು ಮೆಲ್ಲಗೆ ಕರಿಬೇವಿನ ಎಲೆಗಳ ಅಡಿಗೆ ತಳ್ಳಿದರು. ಕೀರ್ತನ ನೋಡಿದಳೆಂದು ಗೊತ್ತಾಗಿ ಹುಬ್ಬು ಹಾರಿಸಿದರು.

“ನೀನು ಹೇಳು ಮಗ, ಹೆಂಗೈತೆ?” ತಾತ ಸೌಟು ಹಿಡಿದು ಕೀರ್ತನಳ ಮುಂದೆ ಬಂದು ನಿಂತರು. “ಇವರಿಬ್ಬರನ್ನ ನಾನು ನಂಬಲ್ಲ. ಚೆನ್ನಾಗಿಲ್ಲ ಅಂದ್ರೆ ನಾಳೆಯಿಂದ ಹೋಟ್ಲು ಪಾರ್ಸಲ್ಲೇ ತಂದ್ಬಿಡ್ತೀನಿ.”

‘ಗಂಟು’ ಎಂಬ ಮಾತು ಕೀರ್ತನಳ ನಾಲಿಗೆಯ ತುದಿಗೆ ಬಂತು. ತಲೆ ಎತ್ತಿದಳು. ತಾತನ ಮಣಿಕಟ್ಟಿನ ಮೇಲೆ ಸುಟ್ಟ ಕೆಂಪು ಗೆರೆಯಿತ್ತು. ತಾವಿನ್ನೂ ಉಣ್ಣದೆ, ಕಣ್ಣು ಮಿಟುಕಿಸದೆ ಅವಳ ಬಾಯನ್ನೇ ನೋಡುತ್ತಿದ್ದರು. ನಿನ್ನೆ ಅಜ್ಜಿಯ ಮುಂದೆ ತಾನೂ ಹೀಗೆಯೇ ನಿಂತಿದ್ದೆನಲ್ಲ ಎಂದು ಅವಳಿಗೆ ಅನಿಸಿತು.

“ತಾತ, ಇನ್ನೊಂಚೂರು ಸಾರು ಹಾಕಿ,” ಎಂದಳು.

ತಾತ ತಟ್ಟೆ ತುಳುಕುವಷ್ಟು ಸುರಿದರು. “ನಾಳೆ ಬಸ್ಸಾರು ಮಾಡ್ತೀನಿ ಕಣೇ,” ಎಂದರು ಹೆಂಡತಿಗೆ.

“ಮಾಡಿ, ಮಾಡಿ. ಕೈ ಸರಿಹೋದ್ರೂ ನಾನಂತೂ ಒಲೆ ಹತ್ರ ಬರಲ್ಲ,” ಎಂದು ಸೊಣ್ಣಮ್ಮಜ್ಜಿ ನಕ್ಕರು.

ಮನೆಗೆ ಹೋಗುವಾಗ ಕೀರ್ತನ ಕೇಳಿಯೇಬಿಟ್ಟಳು: “ನಂದ್ರಲ್ಲಿ ಒಂದೇ ಗಂಟಿತ್ತು. ನಂಗ್ಯಾಕೆ ಚೆನ್ನಾಗೈತೆ ಅನ್ಲಿಲ್ಲ?”

“ಸೊಣ್ಣಮ್ಮನ ಕೈ ಕೂಡೋವರ್ಗೂ, ಈ ಒಂದು ತಿಂಗಳು, ಗಂಗಣ್ಣ ಬೇಜಾರಾಗಿ ಒಲೆ ಬಿಟ್ಟು ಏಳಬಾರ್ದು, ಅಷ್ಟೇ. ನೀನು ಇನ್ನೆಷ್ಟು ವರ್ಷ ಮಾಡ್ಕೊಂಡು ಉಣ್ಬೇಕು, ಹೇಳು?”

ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಸಂಜೆ ಕೀರ್ತನ ಮತ್ತೆ ಎಸರಿಟ್ಟಳು. ನೀರು ಕೊತಕೊತ ಕುದಿಯುವವರೆಗೂ ಹಿಟ್ಟಿನ ಡಬ್ಬ ಮುಟ್ಟಲಿಲ್ಲ. ಹರ್ಷಿತ ಪಾತ್ರೆ ಅಲುಗದಂತೆ ಇಕ್ಕಳದಲ್ಲಿ ಹಿಡಿದ, ಅವಳು ಕೋಲು ತಿರುವಿದಳು.

ಅಜ್ಜಿ ಮುದ್ದೆ ಮುರಿದರು. ಒಳಗೆ ಸಾಸಿವೆಗಿಂತ ತುಸು ದೊಡ್ಡದೊಂದು ಬಿಳಿ ಚುಕ್ಕೆ.

ಅಜ್ಜಿ ಬಾಯಿ ತೆರೆಯುವ ಮೊದಲೇ ಕೀರ್ತನ ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು.

“ತಳದಲ್ಲಿ ಕೋಲು ಆಡಿಸಿದ್ದು ಸಾಲ್ದು, ಅಲ್ವಾ ಅಜ್ಜಿ?”

ಅಜ್ಜಿ ಚೆನ್ನಾಗೈತೆ ಎನ್ನಲಿಲ್ಲ. ತುಪ್ಪದ ಡಬ್ಬಿಯ ಮುಚ್ಚಳ ತೆಗೆದು, ಮೊದಲು ಅವಳ ತಟ್ಟೆಗೆ ಬಡಿಸಿದರು.