ತಂಗೆವ್ವನ ಖಾನಾವಳಿಯ ಎಣಗಾಯಿ

ಪುಕ್ಕಟೆ ಅನ್ನದ ಮೇಲೆ ಯಾರ ಹತ್ತಿರ ತಕರಾರು ಹೇಳುವುದು? ಈ ಪ್ರಶ್ನೆ ಗಂಗಾಳನ್ನು ದಿನವೂ ಕಾಡುತ್ತಿತ್ತು.

ಬೈಲಹೊಂಗಲದ ಮಾರ್ಕೆಟ್ ಹಿಂದೆ ಖಾಲಿ ಬಿದ್ದಿದ್ದ ಹತ್ತಿ ಗೋದಾಮಿನಲ್ಲಿ ನಿವೃತ್ತ ಶಿಕ್ಷಕಿ ಯಶೋಧಾ ಬಾಯಾರು ಅನ್ನದ ಬ್ಯಾಂಕು ತೆರೆದಿದ್ದರು. ಮದುವೆಗಳಲ್ಲಿ ಉಳಿದ ಊಟ, ಅಂಗಡಿಯವರು ಕೊಟ್ಟ ಕಾಳುಕಡಿ, ಮನೆಮನೆಯ ರೊಟ್ಟಿ, ಎಲ್ಲ ಅಲ್ಲಿಗೆ ಬರುತ್ತಿತ್ತು. ಹಸಿದು ಬಂದವರನ್ನು ನೀವು ಯಾರು, ಯಾಕೆ ಬಂದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ಊರು ಹೊಗಳಿತು. ಗಂಗಾ ಕೂಡ ಹೊಗಳಿದಳು. ಆಮೇಲೆ ಅವಳ ಖಾನಾವಳಿಯಲ್ಲಿ ಗಿರಾಕಿಗಳು ಕೂಡುವ ಬಾಕುಗಳು ಬರಿದಾಗತೊಡಗಿದವು.

ಆ ಖಾನಾವಳಿ ಅತ್ತೆ ತಂಗೆವ್ವ ಕಟ್ಟಿದ್ದು. ಗಂಡ ಸತ್ತ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲರ ನಡುವೆ ತಿರುಗಿ, ಒಂದೊಂದೇ ಬಾಕು ಕೂಡಿಸಿ, ಮಗ ವಿರೂಪಾಕ್ಷನನ್ನು ಬೆಳೆಸಿದವಳು ಆಕೆ. ಈಗ ಕಣ್ಣು ಮಂಜು, ಕಾಲು ಸೋತಿವೆ. ಆದರೂ ಊಟದ ಹೊತ್ತಿಗೆ ಹೊಸ್ತಿಲ ಬಳಿ ಬಂದು ಕೂಡುವುದನ್ನು ಬಿಟ್ಟಿರಲಿಲ್ಲ.

"ಗಂಗಾ, ಇವತ್ತ ಹಮಾಲರಿಗೆ ಸೂಟಿ ಏನವ್ವಾ?"

"ಹೌದ್ರೀ ಅತ್ತಿ, ಸೂಟಿ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ರಜೆಯೆಂದು ಸುಳ್ಳು ಹೇಳಿ ಒಳಗೆ ಹೋಗಿ, ಗಂಗಾ ಬಡಿದಿಟ್ಟ ರೊಟ್ಟಿಯ ಸಾಲು ನೋಡುತ್ತ ನಿಲ್ಲುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ ಗೋದಾಮಿಗೆ ಹೋದಳು. ಜಗಳವಾದರೂ ಆಗಲಿ, ಕೇಳಿಯೇ ಬಿಡುವುದು ಎಂದುಕೊಂಡಿದ್ದಳು. ಯಶೋಧಾ ಬಾಯಾರು ಅವಳ ಎರಡೂ ಕೈ ಹಿಡಿದುಕೊಂಡರು.

"ಬರ್ರಿ ಗಂಗಕ್ಕಾ, ಕುಂದರ್ರಿ. ನೀವಾಗಿ ಬಂದ್ರಿ ನೋಡ್ರಿ! ನಿಮ್ಮಂಥಾ ಕೈ ನಮಗ ಬೇಕಿತ್ತು."

ಸೇವೆಗೆ ಬಂದಿದ್ದಾಳೆಂದು ಅವರು ಭಾವಿಸಿದ್ದರು. ಬಾಯಲ್ಲಿದ್ದ ಮಾತು ನುಂಗಿ ಗಂಗಾ ನಕ್ಕಳು. ಆ ನಗೆಯೊಳಗೇ ಉಪಾಯ ಹೊಳೆಯಿತು. ಹೊರಗೆ ನಿಂತು ಮುಚ್ಚಿಸಲಾಗದ್ದನ್ನು ಒಳಗೆ ಸೇರಿ ಮುಚ್ಚಿಸಬಹುದು. ಒಂದೇ ಒಂದು ಮಧ್ಯಾಹ್ನ ಅಲ್ಲಿ ಉಂಡವರ ಹೊಟ್ಟೆ ಕೆಟ್ಟರೆ ಸಾಕು, ಮರುದಿನ ಗೋದಾಮಿಗೆ ಬೀಗ.

ಅವಸರ ಮಾಡಲಿಲ್ಲ. ದಿನಾ ಹೋಗಿ ತರಕಾರಿ ಹೆಚ್ಚಿದಳು, ಬಡಿಸಿದಳು, ನೆಲ ಒರೆಸಿದಳು. ಬಾಯಾರ ನಂಬಿಕೆ ಗಳಿಸುವುದು ಕಷ್ಟವಾಗಲಿಲ್ಲ. ಅವರು ಎಲ್ಲರನ್ನೂ ನಂಬುತ್ತಿದ್ದರು. ತವರು ದೇಗಾಂವಕ್ಕೆ ಹೋದಾಗ, ದನಕರುಗಳಿಗೆ ಔಷಧ ಕೊಡುವ ಮುದುಕನ ಕಡೆಯಿಂದ ಭೇದಿಯ ಜಾಪಾಳ ಬೀಜ ತಂದಳು. ಎಮ್ಮೆಗೆ ಹೊಟ್ಟೆ ಕಟ್ಟಿದೆ ಎಂದಳು. ಮೂಟೆ ಹೊರುವ ಗಟ್ಟಿ ಗಂಡಸರು ಒಂದು ದಿನ ಬಳಲುತ್ತಾರೆ, ಅಷ್ಟೇ, ಯಾರೂ ಸಾಯುವುದಿಲ್ಲ. ಈ ಮಾತನ್ನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಳೋ.

ಯಾವ ಅಡುಗೆಯಲ್ಲಿ ಎಂಬುದನ್ನೂ ಯೋಚಿಸಿಟ್ಟಿದ್ದಳು. ಮದುವೆ ಊಟದಲ್ಲಿ ಬದನೆಕಾಯಿ ಪಲ್ಯ ಇದ್ದೇ ಇರುತ್ತದೆ. ತಾನು ಮನೆಯಿಂದ ಮಸಾಲೆ ತುಂಬಿದ ಬದನೆಯ ಖಾರದ ಎಣಗಾಯಿ ತಂದು ಅದರಲ್ಲಿ ಬೆರೆಸಿಬಿಟ್ಟರೆ ಯಾವುದು ಯಾರ ಕೈ ಅಡುಗೆ ಎಂದು ಯಾರು ಗುರುತಿಸಬೇಕು? ಶೇಂಗಾ, ಎಳ್ಳು, ಬೆಳ್ಳುಳ್ಳಿ ಕೂಡಿದ ಮಸಾಲೆಯಲ್ಲಿ ಬೀಜದ ರುಚಿ ಅಡಗುತ್ತದೆ. ತಪ್ಪು ಮದುವೆಯ ಊಟದ ಮೇಲೆ ಬೀಳುತ್ತದೆ. ಎಲ್ಲಿಯದೋ ಮದುವೆ, ಯಾರೋ ಅಡುಗೆ ಭಟ್ಟರು. ಹುಡುಕಿ ಹೋಗುವವರು ಯಾರು?

ಕಿತ್ತೂರಿನ ದೊಡ್ಡ ಮದುವೆಯೊಂದರ ಊಟ ಬರುತ್ತದೆಂದು ತಿಳಿದ ದಿನ ಎಣಗಾಯಿ ಮಾಡಿದಳು. ತಾನು ರುಚಿ ನೋಡಲಿಲ್ಲ, ಮನೆಯಲ್ಲಿ ಯಾರಿಗೂ ಮುಟ್ಟಿಸಲಿಲ್ಲ. ಡಬರಿ ಪಾತ್ರೆಗೆ ಹಾಕಿ ತಾಟು ಮುಚ್ಚಿ, ಅರಿವೆ ಬಿಗಿದು, ಸೆರಗಿನ ಮರೆಯಲ್ಲಿ ಒಯ್ದು ಗೋದಾಮಿನ ಹಿಂದಿನ ಕಟ್ಟೆಯ ಮೇಲಿಟ್ಟಳು. ಯಾರೂ ನೋಡಲಿಲ್ಲ.

ಅನ್ನದ ಬ್ಯಾಂಕಿನ ಟಂಟಂ ಗಾಡಿ ಓಡಿಸುವ ಸೋಮಪ್ಪ ಮದುವೆಯ ಊಟ ತಂದ. ಗಂಗಾ ಡಬರಿಯತ್ತ ಹೊರಡಬೇಕು, ಅಷ್ಟರಲ್ಲಿ ಯಶೋಧಾ ಬಾಯಾರು ಕೂಗಿ ಮುಂದಿನ ಅಂಗಳಕ್ಕೆ ಕರೆದರು. ಅಕ್ಕಿ ಕೊಟ್ಟ ವ್ಯಾಪಾರಿಯೊಬ್ಬರು ಬಂದಿದ್ದರು. ಅವರ ಎದುರಿಗೆ ಗಂಗಾಳಿಗೊಂದು ಶಾಲು ಹೊದಿಸಿದರು. "ತಮ್ಮ ಧಂದೆ ಬಿಟ್ಟು ಇಲ್ಲಿ ದುಡೀತಾರ್ರೀ ಇವರು," ಎಂದು ಬಾಯಾರು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಗಂಗಾ ತಲೆ ತಗ್ಗಿಸಿದ್ದನ್ನು ಎಲ್ಲರೂ ಸಂಕೋಚ ಎಂದುಕೊಂಡರು.

ಬಿಡಿಸಿಕೊಂಡು ಹಿಂದಕ್ಕೆ ಬಂದರೆ ಕಟ್ಟೆ ಖಾಲಿ. ಆಗಲೇ ಬಡಿಸಲು ಶುರುಮಾಡಿದ್ದರು. ಯಾರೋ ಎಣಗಾಯಿಯನ್ನು ಪಲ್ಯದ ಹಂಡೆಗೆ ಸುರಿದಿರಬೇಕು. ಒಳ್ಳೆಯದೇ ಆಯಿತು, ನನ್ನ ಕೈ ಕೂಡ ಹತ್ತಲಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಡಬರಿ ತೊಳೆಯಲು ಹಾಕಿರುತ್ತಾರೆ.

ಆದರೆ ಉಣ್ಣುವವರನ್ನು ನೋಡುತ್ತ ನಿಲ್ಲುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ತನ್ನ ಖಾನಾವಳಿ ಬಿಟ್ಟು ಬಂದ ಹಮಾಲರೇನೋ ಸರಿ. ಅವರ ನಡುವೆ ಕೂಲಿ ಸಿಗದ ಹೆಂಗಸರಿದ್ದರು, ಮುದುಕರಿದ್ದರು. ಒಬ್ಬ ತಾಯಿಯ ಮಗ್ಗುಲಲ್ಲಿ ಸಣ್ಣ ಹುಡುಗಿ ತಾಟು ಚಾಚಿದಳು.

"ಕೂಸಿಗೆ ಪಲ್ಯ ಬ್ಯಾಡ್ರಿ, ಖಾರ ಐತಿ," ಗಂಗಾ ಓಡಿ ಹೋಗಿ ಸೌಟು ಹಿಡಿದಳು. "ಮಜ್ಜಿಗಿ ಅನ್ನ ಹಾಕ್ರಿ."

"ಖಾರ ಎಲ್ಲೈತ್ರೀ ಅಕ್ಕಾ? ಸಪ್ಪಗ ಅದ," ಬಡಿಸುವವಳು ನಕ್ಕಳು.

ಆ ಮಾತು ಗಂಗಾಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಆ ಹುಡುಗಿಯೊಬ್ಬಳನ್ನು ತಡೆದಳು, ಉಳಿದವರನ್ನು ತಡೆಯಲಿಲ್ಲ. ಏನೆಂದು ತಡೆಯುವುದು? ಹೂಡಿದ ಆಟ ಈಗ ಅವಳ ಕೈಯಲ್ಲಿರಲಿಲ್ಲ.

ಉಂಡವರು ಎದ್ದರು, ಕೈತೊಳೆದರು, ಬಾಯಾರಿಗೆ ಕೈಮುಗಿದು ಹೋದರು. ಗಂಗಾ ಕಾದಳು. ಹಮಾಲರು ಮತ್ತೆ ಮೂಟೆ ಹೊರತೊಡಗಿದರು. ಯಾರೂ ಹೊಟ್ಟೆ ಹಿಡಿದು ಓಡಲಿಲ್ಲ. ಮುದುಕ ಬೀಜ ಕೊಡುವಾಗಲೇ ಮೋಸ ಮಾಡಿದನೇ? ಸಿಟ್ಟು ಬರಬೇಕಿತ್ತು; ಬಂದದ್ದು ನಿರಾಳ. ಬ್ಯಾಡವ್ವಾ, ಇನ್ನು ಈ ಕೆಲಸ ಬ್ಯಾಡ ಎಂದುಕೊಂಡು ಗೋಡೆಗೆ ಒರಗಿದಾಗ ಫೋನು ಬಂತು.

"ಲಗೂನ ದವಾಖಾನಿಗಿ ಬಾ," ಗಂಡ ವಿರೂಪಾಕ್ಷ ಅವಸರವಾಗಿ ಹೇಳಿದ. "ಅವ್ವಗ ವಾಂತಿ–ಭೇದಿ ನಿಲ್ಲವಲ್ದು."

ತಂಗೆವ್ವ ಮಂಚದ ಮೇಲೆ ಅರಿವೆಯ ಮುದ್ದೆಯಂತೆ ಬಿದ್ದಿದ್ದಳು. ಸೊಸೆಯ ದನಿ ಕೇಳಿ ತುಟಿ ಅಲುಗಿಸಿದಳು. "ಎಣಗಾಯಿ ಭಾಳ ಛಲೋ ಆಗಿತ್ತ ಗಂಗಾ... ಎರಡ ಸಲ ಹಾಕಿಸ್ಕೊಂಡೆ."

ಗಂಗಾ ಹೊರಗಿನ ಪಡಸಾಲೆಗೆ ಬಂದಳು. ಅವಳ ಹಿಂದೆಯೇ ಡಾಕ್ಟರು ಹೊರಗೆ ಬಂದರು. "ಇದು ಬರೇ ಹಳಸಿದ ಊಟ ಅಲ್ರಿ. ಅದರಾಗ ಏನ ಬಿದ್ದಿತ್ತು ಗೊತ್ತಾದ್ರ ನಮಗ ದಾರಿ ಸಿಗತೈತಿ. ಅಡಗಿ ಮಾಡಿದವರು ಯಾರು?"

"ಇಕೀನ್ರೀ," ವಿರೂಪಾಕ್ಷ ಹೆಂಡತಿಯನ್ನು ತೋರಿಸಿದ. "ಅವ್ವಗಂತ ಇಕೀನ ಕಳಿಸಿದ್ಲು."

"ನಾ ಎಲ್ಲಿ ಕಳಿಸೀನಿ?" ಗಂಗಾ ಚೀರಿದಳು. "ನಾ ಏನೂ ಕಳಿಸಿಲ್ಲ!"

"ನಾ ಮುಟ್ಟಿಸಿದ್ದ ಅಕ್ಕಾ." ಅನ್ನದ ಬ್ಯಾಂಕಿನ ಸೋಮಪ್ಪ ಮೂಲೆಯಿಂದ ಮುಂದೆ ಬಂದ. ಡಾಕ್ಟರು ಖಾನಾವಳಿಯಿಂದ ತರಿಸಿದ್ದ ಡಬರಿ ಅವನ ಕೈಯಲ್ಲಿತ್ತು. "ಮದಿವಿ ಊಟ ರಗಡ ಬಂದಿತ್ತು, ಇದು ಹಿಂದ ಕಟ್ಟಿ ಮ್ಯಾಲ ಹಂಗ ಉಳದಿತ್ತು. ಯಾರದಂತ ಎತ್ತಿ ನೋಡಿದ್ರ ಹೆಸರ ಇತ್ತು. ಕೆಡೂದ್ಯಾಕ ಅಂತ ನಿಮ್ಮ ಮನಿಗೇ ಕೊಟ್ಟೆ." ಗಂಗಾ ಡಬರಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಬೂದಿ ಹಚ್ಚಿ ತಿಕ್ಕುತ್ತ ಬಂದಿದ್ದ ಪಾತ್ರೆ. ತಿಕ್ಕುವಾಗ ದಿನಾ ಬೆರಳಿಗೆ ತಾಗುತ್ತಿದ್ದ ಅಕ್ಷರಗಳನ್ನು ಒಮ್ಮೆಯೂ ಓದಿರಲಿಲ್ಲ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು: ತಂಗೆವ್ವ, ಖಾನಾವಳಿ, ಬೈಲಹೊಂಗಲ.