ಉಕ್ಕದೆ ಉಳಿದ ಹಾಲು

ಹಾಲು ಇನ್ನೇನು ಉಕ್ಕಬೇಕು, ಪಾತ್ರೆಯ ಅಂಚಿನಲ್ಲಿ ನೊರೆ ಬೆಳ್ಳಗೆ ತಲೆ ಎತ್ತಿತ್ತು, ಅಷ್ಟರಲ್ಲಿ ಆ ಯುವಕ ಒಂದೇ ನೆಗೆತಕ್ಕೆ ಬಂದು ಸ್ಟೌವ್ ಆರಿಸಿಬಿಟ್ಟ.

ಅಡುಗೆಮನೆಯಲ್ಲಿದ್ದವರೆಲ್ಲ ಕಲ್ಲಾದರು. ವಿಡಿಯೋ ಮಾಡುತ್ತಿದ್ದ ಮನೋಹರ್ ಮೇಷ್ಟ್ರು ಮೊಬೈಲ್ ಇಳಿಸುವುದನ್ನೂ ಮರೆತರು. ಮನೆಯೊಡತಿ ಬೋರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ಸಿವ್ನೇ! ಹಾಲುಕ್ಸೋ ಹೊತ್ನಲ್ಲಿ ಒಲೆ ಆರಿಸ್ಬುಟ್ನಲ್ಲಪ್ಪಾ!”

ಆ ಯುವಕನೋ, ಊರಿಗೆ ಬಿದ್ದ ಬೆಂಕಿಯನ್ನೇ ಆರಿಸಿದವನ ಹಾಗೆ ಹೆಮ್ಮೆಯಿಂದ ಎಲ್ಲರ ಮುಖ ನೋಡಿದ. “ಏನೂ ಚಿಂತೆ ಬೇಡ, ಒಂದು ಹನಿಯೂ ಚೆಲ್ಲಿಲ್ಲ,” ಎಂದು ಉರ್ದುವಿನಲ್ಲಿ ಸಮಾಧಾನ ಬೇರೆ ಹೇಳಿದ.

ಜುವೇರಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಈ ಕಾರ್ಯಕ್ರಮ ಪೂರ್ತಿ ಅವಳದ್ದು. ರಾಮನಗರದ ‘ಹೊಸ್ತಿಲು ಬಳಗ’ ಎಂದರೆ ದೊಡ್ಡ ಸಂಸ್ಥೆಯೇನಲ್ಲ. ನೆಲೆ ಕಳೆದುಕೊಂಡು ಬಂದವರಿಗೆ ಒಂದು ಮನೆ, ನಾಲ್ಕು ಪಾತ್ರೆ, ಒಂದಿಷ್ಟು ಕನ್ನಡ ಒದಗಿಸುವ ಹತ್ತು ಹದಿನೈದು ಜನರ ಗುಂಪು. ಪ್ರತಿ ಕುಟುಂಬಕ್ಕೂ ಬಳಗದ ಒಬ್ಬರು ಜೊತೆಗಾರರು, ಪ್ರತಿ ಕುಟುಂಬಕ್ಕೂ ಒಂದು ಫೈಲು. ಫೈಲೆಂದರೆ ಅಧ್ಯಕ್ಷರಾದ ಮನೋಹರ್ ಮೇಷ್ಟ್ರಿಗೆ ಪಂಚಪ್ರಾಣ. ಅಫ್ಘಾನಿಸ್ತಾನದ ಹೆರಾತಿನಿಂದ ಬಂದ ಮರ್ಜಿಯಾ ಮತ್ತು ಅವರ ಮಗ, ಈ ಒಲೆ ಆರಿಸಿದ ಇದ್ರೀಸನ ಫೈಲು, ಜೊತೆಗೆ ಅವರ ಕನ್ನಡ ಪಾಠ, ಜುವೇರಿಯಾಳ ಪಾಲಿಗೆ ಬಂದಿತ್ತು. ಬೋರಮ್ಮನನ್ನು ಕಾಡಿ ಬೇಡಿ ಮಹಡಿಯ ಮನೆ ಕೊಡಿಸಿದ್ದು, ಹಾಲು ಉಕ್ಕಿಸಿಯೇ ಒಳಗೆ ಹೋಗಬೇಕೆಂಬ ಬೋರಮ್ಮನ ಕಟ್ಟಳೆಗೆ ಒಪ್ಪಿದ್ದು, ಎಲ್ಲ ಅವಳೇ.

“ರೀ, ಉಕ್ಕಬೇಕು ಅಂತಾನೇ ಇಟ್ಟಿದ್ದು!” ಎಂದಳು ಅವಳೂ ಉರ್ದುವಿನಲ್ಲೇ. “ಹಾಲು ಉಕ್ಕಿ ಚೆಲ್ಲಿದ್ರೆ ಮನೆಗೆ ಒಳ್ಳೇದು.”

“ಚೆಲ್ಲಿದ್ರೆ ಒಳ್ಳೇದಾ?” ಅವನ ಹುಬ್ಬು ಮೇಲೇರಿತು. ಬೂದುಹಸಿರು ಕಣ್ಣು, ಅದರಲ್ಲಿ ನಿಜವಾದ ಅಚ್ಚರಿ. “ಕ್ಷಮಿಸಿ, ಟೀಚರ್. ಒಂದು ಚಳಿಗಾಲ ಪೂರ್ತಿ ಅಮ್ಮ ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಸೇರಿಸಿ ನಮಗೆ ಕೊಟ್ಟಿದಾರೆ. ಬೀಳೋ ಹಾಲನ್ನ ನೋಡ್ಕೊಂಡು ಸುಮ್ನೆ ನಿಲ್ಲೋಕೆ ನನ್ನ ಕೈ ಕೇಳಲ್ಲ.”

ಬಾಯಿಗೆ ಬಂದಿದ್ದ ಬೈಗುಳವನ್ನು ಜುವೇರಿಯಾ ನುಂಗಿಕೊಂಡಳು. ಅವನು ಆ ಹಾಲನ್ನು ಎಂಟು ಲೋಟಕ್ಕೆ ಒಂದೇ ಸಮನಾಗಿ ಬಗ್ಗಿಸಿ, ಮೊದಲನೆಯದನ್ನು ಅವಳಿಗೇ ಕೊಟ್ಟ. ಕೋಪ ಮಾಡಿಕೊಂಡವರಿಗೆ ಮೊದಲು ಕೊಡಬೇಕಂತೆ, ಅವರ ಊರಿನ ಪದ್ಧತಿ. ಹಾಗೊಂದು ಪದ್ಧತಿ ಇರುವುದು ಅನುಮಾನವೇ, ಆದರೂ ಅವಳು ಕುಡಿದಳು.

ಬೋರಮ್ಮ ಮಾತ್ರ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಫ್ಯೂಸ್ ಹೋದರೂ, ನಲ್ಲಿ ಸೋರಿದರೂ, ಅವರ ಕೋಳಿ ಮೊಟ್ಟೆ ಇಡದಿದ್ದರೂ ಒಂದೇ ರಾಗ.

“ಅವತ್ತು ಹಾಲು ಉಕ್ಕಿದ್ರೆ ಇಂಗಾಯ್ತಿತ್ತಾ? ಹಾಲುಕ್ಕದ ಮನೆ ಅರ್ಧ ಮನೆ ಕಣಪ್ಪ!”

“ಉಕ್ಸಣ ಬುಡವ್ವ, ಒಸಿ ತಡ್ಕೊ,” ಎನ್ನುತ್ತಿದ್ದ ಇದ್ರೀಸ್.

ಅವನ ಕನ್ನಡದ ಕಥೆಯೇ ಬೇರೆ. ಮೈಸೂರಿನಲ್ಲಿ ಓದುತ್ತಿದ್ದಾಗ ದೇಶ ಕೈಬಿಟ್ಟು ಹೋಯಿತು, ವಾಪಸು ಹೋಗುವ ದಾರಿ ಮುಚ್ಚಿತು. ಹೇಗೋ ದೆಹಲಿ ಸೇರಿದ ತಾಯಿಯನ್ನು ಇಲ್ಲಿಗೆ ಕರೆತಂದ. ವಾರಕ್ಕೆ ಮೂರು ಸಂಜೆ ಜುವೇರಿಯಾ ಅಚ್ಚುಕಟ್ಟಾಗಿ ‘ಬರುತ್ತೇನೆ, ಹೋಗುತ್ತೇನೆ’ ಎಂದು ಕಲಿಸುವುದು, ಉಳಿದ ನಾಲ್ಕು ದಿನ ಬೋರಮ್ಮ ಅದನ್ನು ಕೆಡಿಸುವುದು. ಹೆರಾತಿನ ಹುಡುಗ ಕೋಡಿಹಳ್ಳಿ ಕಡೆಯವನಂತೆ “ಬತ್ತೀನಿ ಕಣವ್ವ” ಎಂದಾಗ ಬೀದಿಯೇ ನಗುತ್ತಿತ್ತು. ಜುವೇರಿಯಾ ನಗಬಾರದೆಂದು ತುಟಿ ಕಚ್ಚಿಕೊಳ್ಳುವಳು. ಅವಳು ತುಟಿ ಕಚ್ಚಿಕೊಳ್ಳಲೆಂದೇ ಅವನು ಮತ್ತೊಮ್ಮೆ ಹೇಳುವನು.

ಅವಳ ಅಪ್ಪ ಮುಕ್ತಿಯಾರ್ ಅವರದು ಹಿಂದಿನ ಬೀದಿಯಲ್ಲೇ ರೇಷ್ಮೆ ನೂಲು ತೆಗೆಯುವ ಸಣ್ಣ ಕಾರ್ಖಾನೆ. ಇದ್ರೀಸನ ಅಜ್ಜನ ಮನೆಯಲ್ಲಿ ರೇಷ್ಮೆ ಮಗ್ಗಗಳಿದ್ದವಂತೆ. ಬಿಸಿನೀರಿನಲ್ಲಿ ತೇಲುವ ಗೂಡುಗಳ ಮೇಲೆ ಅವನ ಬೆರಳು ಆಡಿದರೆ ಸಾಕು, ಎಳೆ ಸಿಕ್ಕಿಬಿಡುತ್ತಿತ್ತು. “ನಾವು ಎಳೆ ಹುಡುಕ್ತೀವಿ, ಇವನಿಗೆ ಗೂಡೇ ಕರೆದು ಕೊಡ್ತದೆ,” ಎಂದು ಮುಕ್ತಿಯಾರ್ ಬೆರಗಾಗುವರು. ಇದ್ರೀಸ್ ಅಲ್ಲೇ ಕೆಲಸಕ್ಕೆ ನಿಂತ. ಜುವೇರಿಯಾಳಿಗೆ ಮಧ್ಯಾಹ್ನ ಅಪ್ಪನಿಗೆ ಊಟ ತಲುಪಿಸುವ ಶ್ರದ್ಧೆ ಇದ್ದಕ್ಕಿದ್ದಂತೆ ಹೆಚ್ಚಿತು.

ಒಂದು ದಿನ ತಾನೂ ಎಳೆ ಹಿಡಿಯುತ್ತೇನೆಂದು ಕುಳಿತಳು. ಹತ್ತು ಗೂಡು ಹಾಳಾದವು.

“ಹುಡುಕಿದ್ರೆ ಸಿಗಲ್ಲ ಟೀಚರ್,” ಎಂದ ಅವನು ಪಕ್ಕದಿಂದ. “ಹದವಾಗಿ ಬೇಯಬೇಕು. ಆಮೇಲೆ ತುದಿ ತಾನಾಗೇ ಬರ್ತದೆ.”

“ಎಷ್ಟು ಹೊತ್ತು ಕಾಯ್ಬೇಕು?”

ಅವನು ಗೂಡುಗಳನ್ನು ನೋಡಬೇಕಿತ್ತು, ಅವಳನ್ನು ನೋಡಿದ. ಹಬೆಯಿಂದಾಗಿ ಅವಳ ಹಣೆಯ ಕೂದಲು ಸುರುಳಿಯಾಗಿತ್ತು. “ನಾನೂ ಅದನ್ನೇ ಲೆಕ್ಕ ಹಾಕ್ತಾ ಇದೀನಿ,” ಎಂದ ಮೆಲ್ಲಗೆ.

ಅಷ್ಟರಲ್ಲಿ ಮುಕ್ತಿಯಾರ್ ಕೆಮ್ಮಿದರು. ಗೂಡು ಬೇಯಿಸುವ ಮನೆಯಲ್ಲಿ ಎಲ್ಲರೂ ಕೆಮ್ಮುತ್ತಾರೆ, ಆದರೆ ಆ ಕೆಮ್ಮು ಬೇರೆ ಥರ ಇತ್ತು.

ಅವಳಿಗೆ ಅವನ ಮೇಲೆ ಪ್ರೀತಿ ಇತ್ತು. ಸುತ್ತಿ ಬಳಸಿ ಹೇಳುವುದೇನಿದೆ? ಆದರೆ ಮೆಟ್ಟಿಲ ಮೇಲೆ ಅವನು ಹೇಳಿದ ಮಾತೊಂದು ಅವಳನ್ನು ಕೊರೆಯುತ್ತಿತ್ತು. “ಬೋರಮ್ಮನ ಸಮಾಧಾನಕ್ಕಾದ್ರೂ ಹಾಲು ಉಕ್ಕಿಸಿಬಿಡಿ,” ಎಂದು ಅವಳು ಕೇಳಿದಾಗ ಅವನು ನಗಲಿಲ್ಲ.

“ಉಕ್ಕಿಸಿದ್ರೆ ಈ ಮನೆ ನಮ್ದು ಅಂದ ಹಾಗಲ್ವಾ ಟೀಚರ್? ನಮ್ದು ಅಂದುಕೊಂಡ ಎರಡು ಮನೆ ಬಿಟ್ಟು ಬಂದಿದೀವಿ. ಮೂರನೇದಕ್ಕೆ ಧೈರ್ಯ ಸಾಲಲ್ಲ. ಅದೂ ಅಲ್ದೆ, ಇಲ್ಲಿ ಇರೋದೆಲ್ಲ ನಿಮ್ಮ ಬಳಗದ್ದು. ಕೊಟ್ಟವರ ಹತ್ರ ಇನ್ನೂ ಏನಾದ್ರೂ ಕೇಳೋದು ಹ್ಯಾಗೆ?”

ಆ ‘ಇನ್ನೂ ಏನಾದ್ರೂ’ ತಾನೇ ಎಂಬುದು ಅವಳಿಗೆ ಗೊತ್ತಾಯಿತು. ತನ್ನ ಕೈಯಲ್ಲಿ ಅವನ ಫೈಲು ಇರುವವರೆಗೆ ತಾನು ಕೊಡುವವಳು, ಅವನು ತೆಗೆದುಕೊಳ್ಳುವವನು. ಅವನು ಬಾಯಿ ಬಿಡುವುದಿಲ್ಲ. ಬಿಟ್ಟರೂ ಅದು ಪ್ರೀತಿಯೋ ಋಣವೋ ಎಂದು ಊರು ಕೇಳುತ್ತದೆ. ಹಾಗಾದರೆ ಫೈಲನ್ನೇ ಮುಚ್ಚಿದರಾಯಿತು!

ಬಳಗದಲ್ಲಿ ಅದಕ್ಕೊಂದು ಕಾಗದವಿತ್ತು, ಸಮಾಪ್ತಿ ಪತ್ರ. ‘ಈ ಕುಟುಂಬಕ್ಕೆ ನಮ್ಮ ನೆರವು ಇನ್ನು ಅಗತ್ಯವಿಲ್ಲ’ ಎಂದು ಜೊತೆಗಾರರು ಸಹಿ ಹಾಕಬೇಕು. ಗುರುವಾರ ಅವಳು ಸಹಿ ಹಾಕಿ ಮೇಷ್ಟ್ರಿಗೆ ಕೊಟ್ಟಳು. ಚನ್ನಪಟ್ಟಣದಲ್ಲಿ ದೊಡ್ಡಮ್ಮನ ಮಗಳ ಮದುವೆ ಇತ್ತು. ಮುಗಿಸಿಕೊಂಡು ಬಂದು, ಭಾನುವಾರ ಎದುರಿಗೆ ಕೂತು ಎಲ್ಲ ಹೇಳುವುದೆಂದು ಲೆಕ್ಕ ಹಾಕಿದಳು.

ಆದರೆ ಪತ್ರದ ಒಂದು ಪ್ರತಿ ಕುಟುಂಬಕ್ಕೆ ತಲುಪಬೇಕೆಂಬುದು ನಿಯಮ. ನಿಯಮದ ವಿಷಯದಲ್ಲಿ ಮೇಷ್ಟ್ರು ಗಡಿಯಾರ. ಅವಳ ಬಸ್ಸು ಚನ್ನಪಟ್ಟಣ ಮುಟ್ಟುವ ಮೊದಲೇ ಅದು ಇದ್ರೀಸನ ಬಾಗಿಲ ಸಂದಿಯಿಂದ ಒಳಗೆ ಹೋಗಿತ್ತು.

ಭಾನುವಾರ ಮಧ್ಯಾಹ್ನ ಕೈಯಲ್ಲಿನ್ನೂ ಮದುವೆಯ ಮೆಹಂದಿ ಇಟ್ಟುಕೊಂಡು ಬಂದ ಜುವೇರಿಯಾಳನ್ನು ಬೋರಮ್ಮ ಗೇಟಿನಲ್ಲೇ ತಡೆದರು.

“ಏನ್ ಮಗಾ, ಓಗು ಅನ್ನೋದಾದ್ರೆ ಬಾಯ್ಬುಟ್ಟು ಏಳ್ಬಾರ್ದಾ? ಚೀಟಿ ಬರ್ದು ಆಚೆಗ್ ಆಕೋದಾ?”

“ಯಾರನ್ನ? ಯಾವ ಚೀಟಿ?”

“ಇದ್ರೀಸಪ್ಪನ್ನ! ಸಂಜೆ ರೈಲ್ಗೆ ಒಂಟವ್ರೆ ತಾಯಿ ಮಗ. ಡೆಲ್ಲಿಲಿ ಅವರ ಮಾವನ ಮಗ ಅವ್ನಂತೆ. ಮರ್ಜವ್ವ ಬೆಳಗಿಂದ ಒಂದೇ ಸಮ್ನೆ ಕಣ್ಣೀರಾಕ್ತಾವ್ಳೆ. ನಾನೇನ್ ಮನೆ ಬುಡು ಅಂದ್ನಾ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜುವೇರಿಯಾ ಎರಡೆರಡು ಮೆಟ್ಟಿಲು ಹಾರಿಕೊಂಡು ಮಹಡಿ ಹತ್ತಿದಳು.

ನಡುಮನೆಯಲ್ಲಿ ಹಗ್ಗ ಬಿಗಿದ ಟ್ರಂಕು. ಗೋಡೆಗಳು ಬರಿದಾಗಿದ್ದವು. ಮರ್ಜಿಯಾ ಉಳಿದ ಹಾಲನ್ನು ಕೊನೆಯ ಚಹಾಕ್ಕೆಂದು ಸ್ಟೌವಿನ ಮೇಲಿಡುತ್ತಿದ್ದರು. ಜುವೇರಿಯಾಳ ಮುಖ ನೋಡಿದರು, ಮಗನ ಮುಖ ನೋಡಿದರು. “ಬೋರಮ್ಮನಿಗೆ ಒಂದು ಮಾತು ಹೇಳಿ ಬರ್ತೀನಿ,” ಎಂದು ಇಳಿದು ಹೋದರು. ತಾಯಂದಿರಿಗೆ ಭಾಷೆ ಯಾವುದಾದರೇನು, ಇಂಥ ಹೊತ್ತಿನಲ್ಲಿ ಕೆಳಗೆ ಏನಾದರೂ ಕೆಲಸ ಇದ್ದೇ ಇರುತ್ತದೆ.

ಇದ್ರೀಸ್ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ. “ಪಾತ್ರೆ ಎಲ್ಲ ತೊಳೆದಿಟ್ಟಿದ್ದೇವೆ. ಬಳಗದ್ದು ಒಂದೂ ಕಡಿಮೆಯಿಲ್ಲ,” ಎಂದ. ಅಚ್ಚುಕಟ್ಟಾದ, ಅವಳೇ ಕಲಿಸಿದ ಕನ್ನಡ. ಅದನ್ನು ಕೇಳಿಯೇ ಅವಳಿಗೆ ಅಳು ಬಂತು.

“ಹೋಗಿ ಅಂತ ಯಾರು ಹೇಳಿದ್ದು?”

ಅವನು ಜೇಬಿನಿಂದ ಪತ್ರ ತೆಗೆದು ಅವಳ ಸಹಿಯ ಮೇಲೆ ಬೆರಳಿಟ್ಟ. “ಒಂದು ವರ್ಷ ದಿನಾ ಮಾತಾಡಿದ್ರಿ. ಇದೊಂದನ್ನ ಮಾತ್ರ ಬಾಗಿಲ ಕೆಳಗಿಂದ ಕಳಿಸಿದ್ರಿ.”

“ನಾನು ಕಳಿಸ್ಲಿಲ್ಲ, ಮೇಷ್ಟ್ರು ಕಳಿಸಿದ್ದು! ನಾನು ಇವತ್ತು ಬಂದು ಹೇಳೋಣ ಅಂತಿದ್ದೆ.” ಅವಳ ಕಣ್ಣೀರೂ ಕೋಪವೂ ಒಟ್ಟಿಗೇ ಬಂದವು. “ಫೈಲು ಮುಚ್ಚಿದ್ದು ನಿಮ್ಮನ್ನ ಕಳಿಸೋಕಲ್ಲ ಕಣ್ರೀ. ಫೈಲು ಇರೋವರೆಗೆ ನಾನು ನಿಮಗೆ ಬಳಗದ ಟೀಚರ್. ಕೊಟ್ಟವರ ಹತ್ರ ಕೇಳೋದು ಹ್ಯಾಗೆ ಅಂದ್ರಲ್ಲ? ಈಗ ನಾನು ಕೊಟ್ಟವಳಲ್ಲ. ಹಿಂದಿನ ಬೀದಿ ಜುವೇರಿಯಾ ಅಷ್ಟೇ. ಕೇಳೋದಿದ್ರೆ ಕೇಳಿ. ಇಲ್ಲ ಅಂದ್ರೆ ರೈಲು ಹತ್ತಿ.”

ಇದ್ರೀಸ್ ಆ ಪತ್ರವನ್ನು ಮತ್ತೆ ಓದಿದ. ಅದೇ ಅಕ್ಷರ, ಅದೇ ಸಹಿ. ಮುಖದ ಮೇಲೆ ಮೂರು ದಿನದಿಂದ ಕೂತಿದ್ದ ಕತ್ತಲೆ ಕರಗಿ, ತುಟಿಯ ಒಂದು ಮೂಲೆ ಮೇಲೇರಿತು.

“ಏನು ಬೇಕಾದ್ರೂ ಕೇಳ್ಬಹುದಾ?”

“ಮೊದಲು ಕೇಳಿ, ಆಮೇಲೆ ನೋಡೋಣ.”

“ನಾನು ನಿಮ್ಮನ್ನ ಪ್ರೀತಿಸ್ತೀನಿ, ಜುವೇರಿಯಾ. ನನಗೆ ನೀವು ಬೇಕು. ಈ ಊರು ಬೇಕು. ಬೋರಮ್ಮನ ಬೈಗುಳನೂ ಬೇಕು.” ಮೊದಲ ಸಲ ಅವನು ಟೀಚರ್ ಎನ್ನದೆ ಅವಳ ಹೆಸರು ಹಿಡಿದಿದ್ದ. “ನಾಳೆ ಅಮ್ಮನ್ನ ನಿಮ್ಮ ಅಬ್ಬಾ ಹತ್ರ ಕಳಿಸ್ಲಾ?”

“ನಾಳೆ ಯಾಕೆ?” ಎಂದಳು ಅವಳು, ನೆಲ ನೋಡುತ್ತ. “ಇವತ್ತು ಭಾನುವಾರ. ಅಬ್ಬಾ ಮನೇಲೇ ಇದಾರೆ. ಒಂದು ತಿಂಗಳಿಂದ ಸುಮ್ಮಸುಮ್ಮನೆ ಕೆಮ್ತಾ ಇದಾರೆ, ಪಾಪ.”

ಅವನು ನಕ್ಕ. ಆಗಲೇ ಪಕ್ಕದಲ್ಲಿ ಸಣ್ಣ ಸದ್ದು. ಇಬ್ಬರೂ ತಿರುಗಿದರು. ಹಾಲು ಮೇಲೇರುತ್ತಿತ್ತು. ನೊರೆ ಅಂಚಿಗೆ ಬಂದಿತ್ತು.

ಅಭ್ಯಾಸಬಲದಿಂದ ಇದ್ರೀಸನ ಕೈ ಸ್ಟೌವಿನ ಕಡೆ ಹಾರಿತು. ತಿರುಗಿಸುವ ಗುಂಡಿಯ ಮೇಲೆ ಬೆರಳಿಟ್ಟ. ಅಲ್ಲೇ ನಿಂತ. ಜುವೇರಿಯಾ ಒಂದು ಹೆಜ್ಜೆ ಹಿಂದೆ ಸರಿದಳು. ಇದು ಅವನೇ ಮಾಡಬೇಕಾದ ಕೆಲಸ.

ಅವನು ನಿಧಾನವಾಗಿ ಕೈ ಹಿಂತೆಗೆದುಕೊಂಡ.

ಹಾಲು ಉಕ್ಕಿತು. ಪಾತ್ರೆಯ ಮೈಮೇಲೆ ಇಳಿದು, ಬರ್ನರ್ ಮೇಲೆ ಚುಂಯ್ ಎಂದು, ಉರಿಯನ್ನು ನಂದಿಸಿ, ಕಟ್ಟೆಯ ಮೇಲೆ ಹರಿಯಿತು. ಅವನು ಗ್ಯಾಸ್ ಬಂದ್ ಮಾಡಿದ. ಅವನ ಕಣ್ಣು ತುಂಬಿದ್ದವು, ಆದರೂ ನಗುತ್ತಿದ್ದ.

ಕೆಳಗಿನಿಂದ ಬೋರಮ್ಮನ ದನಿ ಬಂತು. “ಏನ್ ಮಗಾ ಅದು, ಹಾಲು ಸೀದೋದ ವಾಸ್ನೆ?”

“ಹಾಲು ಉಕ್ತು ಬೋರಮ್ಮಾ!” ಜುವೇರಿಯಾ ಕಿಟಕಿಯಿಂದ ಕೂಗಿದಳು.

“ಅಂಗಾ! ಯಾವ ಕಡೀಕ್ ಉಕ್ತು? ಮೂಡ್ಲಾಗೋ, ಪಡ್ವಲಾಗೋ? ಸರ್ಯಾಗ್ ನೋಡಿ ಏಳು!”

ಇದ್ರೀಸ್ ಕಟ್ಟೆಯ ಕಡೆ ಬಗ್ಗಿ ನೋಡಿದ. ಹಾಲು ಕಟ್ಟೆಯುದ್ದಕ್ಕೂ ಹರಿದು, ಜುವೇರಿಯಾ ನಿಂತಿದ್ದ ತುದಿಯಿಂದ ಅವಳ ಕಾಲ ಬಳಿ ಹನಿ ಹನಿಯಾಗಿ ಬೀಳುತ್ತಿತ್ತು. ಅವನು ಕಿಟಕಿಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ, ಬೋರಮ್ಮನದೇ ಕನ್ನಡದಲ್ಲಿ ಕೂಗಿದ.

“ಜುವೇರಿಯಾ ಕಡೀಕೆ ಕಣವ್ವಾ!”

ಕೆಳಗಿನಿಂದ ಬೋರಮ್ಮನ ನಗು ಕೇಳಿತು, ಅದರ ಹಿಂದೆಯೇ ಮೆಟ್ಟಿಲ ಮೇಲೆ ಓಡಿ ಬರುವ ಹೆಜ್ಜೆ ಸದ್ದು. ಮರ್ಜಿಯಾ ಒಳಗೆ ಬಂದವರು ಇಬ್ಬರನ್ನೂ ಏನೂ ಕೇಳಲಿಲ್ಲ. ನೇರ ಟ್ರಂಕಿನ ಮುಂದೆ ಕುಳಿತು ಹಗ್ಗ ಬಿಚ್ಚತೊಡಗಿದರು.